ಮಾವನ ಕಾರಿಗೊಂದು ಕೊಳವೆ

ನಮ್ಮ ಸೋದರಮಾವ ನನಗೆ ಗಂಡು ಗೊತ್ತು ಮಾಡಿದ್ದು ಒಂದೇ ಮಧ್ಯಾಹ್ನದಲ್ಲಿ. ಊಟಕ್ಕೆ ಮುಂಚೆ ಹುಡುಗನನ್ನು ನೋಡಿದರು, ಊಟವಾದ ಮೇಲೆ ಎಲೆಗೆ ಸುಣ್ಣ ಸವರುತ್ತಾ "ಆಗಬಹುದು" ಅಂದರು, ಮುಗಿಯಿತು. ಅದೇ ಮಾವ ತಮ್ಮ ಕಾರಿಗೆ ಒಂದು ಕೊಳವೆ ಗೊತ್ತು ಮಾಡಲು ಹೆಚ್ಚುಕಡಿಮೆ ಒಂದು ವರ್ಷ ತೆಗೆದುಕೊಂಡರು. ನನ್ನ ಗಂಡನ ಮೇಲೆ ನನಗೆ ಅಂಥ ದೂರೇನೂ ಇಲ್ಲ. ಆದರೂ ಆ ಕೊಳವೆಗೆ ಪಟ್ಟ ಶ್ರಮದಲ್ಲಿ ಅರ್ಧ ಪಟ್ಟಿದ್ದರೆ ಗೊರಕೆ ಹೊಡೆಯದವನೊಬ್ಬ ಸಿಗುತ್ತಿದ್ದನೋ ಏನೋ ಎಂದು ಆಗಾಗ ಅನ್ನಿಸುವುದುಂಟು!

ಮಾವನ ಹೆಸರು ಬರೆಯುವುದಿಲ್ಲ. ಜರಗನಹಳ್ಳಿಯಲ್ಲಿ ಅರ್ಧ ಊರು ಅವರಿಗೆ ನೆಂಟರು, ಇನ್ನರ್ಧ ಊರು ಅವರ ನೆಂಟರ ಮನೆಗಳಲ್ಲಿ ಬಾಡಿಗೆಗೆ ಇರುವವರು. ಹೆಸರು ಬರೆದರೆ ನಾಳೆ ಬೆಳಗ್ಗೆ ಹಾಲಿನ ಬೂತಿನ ಮುಂದೆಯೇ ನನ್ನ ವಿಚಾರಣೆ ಶುರುವಾಗುತ್ತದೆ. ಅವರು ದುಡಿದದ್ದು ಒಂದು ದೊಡ್ಡ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಬೇರೆಯವರು ಮಾಡಿದ ಬಿಡಿಭಾಗವನ್ನು ಅಳೆದು, ತಿರುಗಿಸಿ, ಬೆಳಕಿಗೆ ಹಿಡಿದು, "ಆಗಲ್ಲ, ವಾಪಸ್" ಅನ್ನುವುದೇ ಅಲ್ಲಿ ಕೆಲಸ. ನಿವೃತ್ತರಾಗಿದ್ದು ಕಾರ್ಖಾನೆಯಿಂದ ಮಾತ್ರ. ಈಗಲೂ ಹೋಟೆಲಿಗೆ ಹೋದರೆ ತಟ್ಟೆಯಲ್ಲಿರುವ ಎರಡು ಇಡ್ಲಿಗಳನ್ನು ಪಕ್ಕಪಕ್ಕ ಜೋಡಿಸಿ, ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ದಪ್ಪ ನೋಡುತ್ತಾರೆ. ಒಂದು ಸಲ ಜಯನಗರದ ಹೋಟೆಲಿನ ಸಪ್ಲೈಯರ್ "ಸಾರ್, ಅದು ತಿನ್ನಕ್ಕೆ" ಎಂದು ನೆನಪಿಸಬೇಕಾಯಿತು.

ಇಂಥವರ ಹತ್ತಿರ ಒಂದು ಟರ್ಬೊ ಡೀಸೆಲ್ ಕಾರಿದೆ. ಟರ್ಬೊ ಎಂದರೇನು ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಆ ಒಂದು ವರ್ಷದಲ್ಲಿ ನಾನು ಬೇಡವೆಂದರೂ ಕಲಿತುಬಿಟ್ಟೆ. ಅದೊಂದು ತಿದಿ. ಕಮ್ಮಾರನ ತಿದಿ ಕುಲುಮೆಗೆ ಗಾಳಿ ಊದುವ ಹಾಗೆ ಇದು ಎಂಜಿನ್ನಿಗೆ ಊದುತ್ತದೆ. ಊದುವ ರಭಸಕ್ಕೆ ಗಾಳಿ ಕಾದುಬಿಡುತ್ತದೆ, ಕಾದ ಗಾಳಿ ಎಂಜಿನ್ನಿಗೆ ಒಗ್ಗುವುದಿಲ್ಲ. ಅದನ್ನು ಆರಿಸಿ ಕೊಡುವ ಜಾಲರಿ ಪೆಟ್ಟಿಗೆಗೆ ಇಂಟರ್‌ಕೂಲರ್ ಎಂದು ಹೆಸರು. ನಾವು ಲೋಟದಿಂದ ಬಟ್ಟಲಿಗೆ ಸುರಿದು ಕಾಫಿ ಆರಿಸಿಕೊಳ್ಳುವುದಿಲ್ಲವೇ, ಅದೇ ಕೆಲಸ. ಟರ್ಬೊದಿಂದ ಈ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಎಂಜಿನ್ನಿಗೆ ಗಾಳಿ ಹೋಗಲು ಕೊಳವೆ ಬೇಕು. ಕಾರಿನ ಜೊತೆಗೆ ಬರುವುದು ರಬ್ಬರಿನದು. ಅಂಥದ್ದೊಂದು ಕೊಳವೆ ಇದೆ ಎಂದೇ ಗೊತ್ತಿಲ್ಲದೆ ಲಕ್ಷಾಂತರ ಜನ ಸುಖವಾಗಿ ಕಾರು ಓಡಿಸಿಕೊಂಡಿದ್ದಾರೆ. ನಮ್ಮ ಮಾವನೂ ಹಾಗೆಯೇ ಇದ್ದರು, ಬಿಳಿಗಿರಿರಂಗನ ಬೆಟ್ಟದ ಏರಿನಲ್ಲಿ ಅದು ಕಳಚಿಕೊಳ್ಳುವವರೆಗೆ.

ಅವತ್ತು ಕಾರಿನಲ್ಲಿದ್ದದ್ದು ಮಾವ, ಅತ್ತೆ ಇಬ್ಬರೇ. ಮಾವ ನಮಗೆಲ್ಲ ಹೇಳಿದ ಕಥೆ ಬಹಳ ಚಿಕ್ಕದು. ಏರಿನಲ್ಲಿ ಢಬ್ ಎಂದು ಸದ್ದಾಯಿತು, ಹಿಂದೆ ಕಪ್ಪು ಹೊಗೆ ಬಂತು, ಕಾರು ನಿಂತಿತು, ಯಾರದೋ ಜೀಪಿಗೆ ಕಟ್ಟಿ ಎಳೆಸಿಕೊಂಡು ಬಂದೆವು. ಅಷ್ಟೇ. ದೇವರ ದರ್ಶನವೂ ಆಗಲಿಲ್ಲ. ಮಾರನೆಯ ದಿನ ರಬ್ಬರಿನ ಕೊಳವೆಯನ್ನು ಮತ್ತೆ ಕೂರಿಸಿ ಬಿಗಿದಿದ್ದಾಯಿತು. ಆದರೆ ಅತ್ತೆ ಆ ಕಾರು ಹತ್ತುವುದನ್ನು ಬಿಟ್ಟರು. ಜಗಳವಿಲ್ಲ, ಮುನಿಸಿಲ್ಲ. ಹುಳಿಗೆ ಒಗ್ಗರಣೆ ಹಾಕುವಷ್ಟೇ ಶಾಂತವಾಗಿ ಬ್ಯಾಗು ಹೆಗಲಿಗೇರಿಸಿ, ಕನಕಪುರ ರಸ್ತೆಯ ಬಸ್ ಸ್ಟಾಪಿಗೆ ನಡೆದುಬಿಟ್ಟರು. "ಯಾಕೇ?" ಎಂದು ಮಾವ ಕೇಳಿದರೆ, "ನಾನು ಹತ್ತಲ್ಲ" ಎಂಬಷ್ಟೇ ಉತ್ತರ.

ಮದುವೆಯಾದಾಗಿನಿಂದ ಸ್ಕೂಟರಿನ ಹಿಂದೆ, ಆಮೇಲೆ ಕಾರಿನಲ್ಲಿ ಪಕ್ಕಕ್ಕೆ, ಅತ್ತೆ ಇಲ್ಲದೆ ಮಾವ ಗಾಡಿ ಓಡಿಸಿದ್ದೇ ಕಡಿಮೆ. ಅವರಿಗೆ ಅನ್ನ ಸೇರಲಿಲ್ಲ. ಕೊನೆಗೆ ತಪಾಸಣೆ ವಿಭಾಗದ ಗತ್ತಿನಲ್ಲೇ ತೀರ್ಪು ಕೊಟ್ಟರು.

"ಕೊಳವೆ ಕಳಚ್ತು, ನಿಮ್ಮತ್ತೆ ಹೆದರ್ಕೊಂಡ್ಳು. ಕಳಚದೇ ಇರೋ ಕೊಳವೆ ಹಾಕ್ಸಿದ್ರೆ ಹೆದರಿಕೆ ಹೋಗುತ್ತೆ. ಇದ್ರಲ್ಲಿ ಯೋಚನೆ ಮಾಡೋದೇನಿದೆ?"

ಹೀಗೆ ಶುರುವಾಯಿತು ಕೊಳವೆಯ ಬೇಟೆ. ಜೊತೆಗೆ ಹೋಗಲು ಸಿಕ್ಕವಳು ನಾನು. ಶ್ರೀನಗರದಲ್ಲಿ ಮನೆ ಮಾಡಿಕೊಂಡು ಶನಿವಾರ ರಜೆ ಇರುವ ಕೆಲಸ ಹಿಡಿದದ್ದೇ ನನ್ನ ತಪ್ಪು. ಮೊದಲ ಶನಿವಾರ ಕಾರಿನ ಮುಂದಿನ ಬಾಗಿಲು ತೆಗೆದೆ. ಮಾವ ತಡೆದರು.

"ಹಿಂದೆ ಕೂತ್ಕೋ ಕಣಮ್ಮ. ಆ ಸೀಟು ನಿಮ್ಮತ್ತೆ ಅಳತೆಗೆ ಇಟ್ಟಿದೀನಿ."

ಹಾಗಾಗಿ ವರ್ಷವಿಡೀ ನಾನು ಮಂತ್ರಿಗಳ ಹಾಗೆ ಹಿಂದೆ, ಮಾವ ಡ್ರೈವರ್ ಹಾಗೆ ಮುಂದೆ. ಸಿಗ್ನಲ್ಲಿನಲ್ಲಿ ಹೂ ಮಾರುವವಳು ನನಗೆ ಕೈ ಮುಗಿದು ಮಾವನ ಕಡೆ ನೋಡುತ್ತಲೂ ಇರಲಿಲ್ಲ.

ಅತ್ತೆಯ ಬಸ್ ಪ್ರಯಾಣದ ಕಥೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ವಾರಕ್ಕೊಮ್ಮೆ ಬನಶಂಕರಿಯಲ್ಲಿರುವ ತಂಗಿಯ ಮನೆಗೆ ಹೋಗುತ್ತಾರೆ. ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ, ಖುಷಿಯಾಗಿ ಕಿಟಕಿ ಪಕ್ಕ ಕೂರುತ್ತಾರೆ. ಮಾವ ಏನು ಮಾಡುತ್ತಿದ್ದರು ಗೊತ್ತೇ? ಕಾರು ತೆಗೆದುಕೊಂಡು ಆ ಬಸ್ಸಿನ ಹಿಂದೆಯೇ ಹೋಗುತ್ತಿದ್ದರು! ಬಸ್ಸು ಸ್ಟಾಪಿನಲ್ಲಿ ನಿಂತರೆ ಇವರೂ ನಿಲ್ಲುವುದು, ಹೊರಟರೆ ಹೊರಡುವುದು. ಹಿಂದಿನಿಂದ ಆಟೋದವರು ಹಾರ್ನ್ ಹೊಡೆದು ಹೊಡೆದು ಇವರ ವಂಶವನ್ನೆಲ್ಲ ಸ್ಮರಿಸಿಕೊಳ್ಳುತ್ತಿದ್ದರು. ಒಂದು ದಿನ ಕಂಡಕ್ಟರನಿಗೆ ಅನುಮಾನ ಬಂತು.

"ಆಂಟಿ, ಆ ಬಿಳಿ ಕಾರ್ನೋರು ಜರಗನಹಳ್ಳಿಯಿಂದ ನಮ್ ಹಿಂದೆನೇ ಬರ್ತಾವ್ರೆ. ಯಾರು ಅಂತ ಗೊತ್ತಾ?"

ಅತ್ತೆ ತಿರುಗಿಯೂ ನೋಡಲಿಲ್ಲವಂತೆ. "ನಮ್ಮನೆಯೋರು. ಬಿಡಪ್ಪ, ಬನಶಂಕರಿವರೆಗೆ ಬಂದು ವಾಪಸ್ ಹೋಗ್ತಾರೆ."

ಮೊದಲು ಹೋದದ್ದು ಜೆ.ಪಿ. ನಗರದ ಒಂದು ಅಂಗಡಿಗೆ. ಕಾರುಗಳಿಗೆ ಹೊಸ ಅಲಂಕಾರ, ಹೊಸ ಶಕ್ತಿ ಎಲ್ಲ ತುಂಬಿಕೊಡುವ ಜಾಗ. ಅಲ್ಲಿದ್ದ ಗಡ್ಡದ ಯುವಕ ಮಾವನನ್ನು ನೋಡಿ ಮೊದಲು ಪಂಚರ್ ಅಂಗಡಿ ಪಕ್ಕದ ರಸ್ತೆಯಲ್ಲಿದೆ ಅಂದ. ಮಾವ ಇಂಟರ್‌ಕೂಲರ್ ಕೊಳವೆ ಅಂದಮೇಲೆ ಅವನ ಮುಖ ಅರಳಿತು.

"ಅಂಕಲ್, ಫುಲ್ ಕಿಟ್ ಹಾಕ್ಸಿ. ಆಕ್ಸಿಲರೇಟರ್ ಬಿಟ್ರೆ ಸಾಕು, ಚುಸ್ಸ್ ಅಂತ ಸೌಂಡ್ ಬರುತ್ತೆ. ಸಖತ್ತಾಗಿರುತ್ತೆ. ಸಿಗ್ನಲ್‌ನಲ್ಲಿ ಎಲ್ರೂ ತಿರುಗಿ ನೋಡ್ತಾರೆ."

"ನಂಗೆ ಒಬ್ರು ತಿರುಗಿ ನೋಡಿದ್ರೆ ಸಾಕು," ಅಂದರು ಮಾವ. "ಅವ್ರಿಗೆ ಸೌಂಡ್ ಆಗಲ್ಲ."

ಅವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿದ್ದ ಟೈರುಗಳನ್ನು ಆಸಕ್ತಿಯಿಂದ ನೋಡತೊಡಗಿದೆ.

ಆಮೇಲೆ ಜೆ.ಸಿ. ರಸ್ತೆ. ಅಲ್ಲಿ ಸಿಗದ ಬಿಡಿಭಾಗವಿಲ್ಲ, ಆದರೆ ಮಾವನಿಗೆ ಹಿಡಿಸುವಂಥದ್ದೂ ಇಲ್ಲ. ಅವರು ಕೊಳವೆ ಆರಿಸುವ ಕ್ರಮವೇ ಬೇರೆ. ಮೊದಲು ಉಗುರಿನಿಂದ ಚುಚ್ಚಿ ನೋಡುವುದು, ನಮ್ಮಜ್ಜಿ ಸೋರೆಕಾಯಿ ಚುಚ್ಚುತ್ತಿದ್ದ ಹಾಗೆ. ಆಮೇಲೆ ಮೂಸುವುದು. ಕಡೆಗೆ ಒಂದು ತುದಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ತುದಿಗೆ ಬಾಯಿಟ್ಟು, ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಾಗುವವರೆಗೆ ಊದುವುದು. ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ನಾನು ನನ್ನ ಕೆನ್ನೆಯನ್ನು ಕೊಳವೆಯ ಹತ್ತಿರ ಹಿಡಿದು ನೋಡಬೇಕು. ಅಂಗಡಿಯ ಮುಂದೆ ಜನ ಸೇರಿದರು. ಮಾಲೀಕ ಇನ್ನು ತಾಳಲಾರದೆ ಹೊರಗೆ ಬಂದ.

"ಸಾರ್, ತಗೊಳ್ಳಿ, ಬಿಡಿ, ನಿಮ್ಮಿಷ್ಟ. ಆದ್ರೆ ಅದು ನಾದಸ್ವರ ಅಲ್ಲ. ಕೆಳಗಿಡಿ."

ಇಷ್ಟಾದ ಮೇಲೂ ಅದೇ ಮಾಲೀಕನಿಂದ ಮಾವ ಮೂರು ಕೊಳವೆಗಳನ್ನು ಮನೆಗೆ ತಂದರು, ಹಿಡಿಸಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡುವ ಮಾತಿನ ಮೇಲೆ. ಮದುವೆ ಜವಳಿಗೆ ಹೋದಾಗ ಸೀರೆಗಳನ್ನು ಹೀಗೆ ತರುತ್ತಾರೆ, ನಿಜ. ಕಾರಿನ ಕೊಳವೆಯನ್ನು ತಂದದ್ದು ಇವರೊಬ್ಬರೇ ಇರಬೇಕು. ದಿವಾನದ ಮೇಲೆ ಒಗೆದ ಬೆಡ್‌ಶೀಟ್ ಹಾಸಿ ಮೂರನ್ನೂ ಮಲಗಿಸಿದರು. ಒಂದು ಕಪ್ಪು ರಬ್ಬರಿನದು, ಒಂದು ನೀಲಿ ಸಿಲಿಕೋನಿನದು, ಒಂದು ಹೊಳೆಯುವ ಅಲ್ಯೂಮಿನಿಯಮ್ಮಿನದು. ಅತ್ತೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು.

"ನೋಡೇ, ಈ ಮೂರ್ರಲ್ಲಿ ಯಾವುದ್ರ ಮೇಲೆ ನಿಂಗೆ ನಂಬಿಕೆ ಬರುತ್ತೆ?"

ಅತ್ತೆ ಮೂರನ್ನೂ ಸಾವಧಾನವಾಗಿ ನೋಡಿದರು. "ಆ ನೀಲಿದು ಬಚ್ಚಲುಮನೆಗೆ ಆಗುತ್ತೇನೋ ನೋಡಿ. ವಾಷಿಂಗ್ ಮಷೀನ್ ಪೈಪು ಸೋರ್ತಾ ಇದೆ."

ಮಾವ ಎದೆಗುಂದುವ ಪೈಕಿಯಲ್ಲ. ಅಲ್ಯೂಮಿನಿಯಮ್ಮೇ ಸರಿ ಎಂದು ನಿಶ್ಚಯಿಸಿದರು. ಹಳೆಯ ಕೊಳವೆಯನ್ನು ಬಿಚ್ಚಿಸಿ, ಕಾರ್ಖಾನೆಯ ಕಾಲದ ಅಳತೆ ಸಾಧನದಿಂದ ಕೂದಲೆಳೆಯಷ್ಟೂ ತಪ್ಪದ ಹಾಗೆ ಅಳೆದರು. ಒಳಸುತ್ತು, ಹೊರಸುತ್ತು, ಬಾಗು ಎಲ್ಲವೂ ಬಾಯಿಪಾಠ. ಅಂಗಡಿಗೆ ಹೋಗಿ ಅಷ್ಟನ್ನೂ ಒಪ್ಪಿಸಿ, ಕೊನೆಗೆ ಹೇಳಿದ್ದೇನು?

"ಇದಕ್ಕಿಂತ ಒಂದು ಸೈಜು ದೊಡ್ಡದೇ ಕೊಡಿ. ಮುಂದಕ್ಕೆ ಆಗುತ್ತೆ."

ಇದು ನಮ್ಮ ಮನೆತನದ ರೋಗ. ನನ್ನ ಸ್ಕೂಲ್ ಯೂನಿಫಾರ್ಮು ಸರಿಯಾದ ಅಳತೆಗೆ ಬಂದದ್ದು ಅದು ಹರಿಯುವ ಹೊತ್ತಿಗೆ. ನನ್ನ ಮದುವೆಯ ಉಂಗುರಕ್ಕೆ ಇವತ್ತಿಗೂ ದಾರ ಸುತ್ತಿದೆ. ಆದರೂ ಕೇಳದೆ ಇರಲಾಗಲಿಲ್ಲ. "ಮಾವ, ಕಾರು ಏನು ಬೆಳೆಯುತ್ತಾ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಕೋಣನಕುಂಟೆಯ ಗ್ಯಾರೇಜಿನ ಅಣ್ಣ ಅದನ್ನು ಹೇಗೋ ಕೂರಿಸಿಕೊಟ್ಟ. ಪರಿಣಾಮ ಹೇಳುತ್ತೇನೆ ಕೇಳಿ. ಅಷ್ಟು ದೊಡ್ಡ ಕೊಳವೆಯನ್ನು ತುಂಬಿಸಲು ಪಾಪ ಆ ಪುಟ್ಟ ಟರ್ಬೊ ಊದಿ ಊದಿ ಸುಸ್ತಾಗುತ್ತಿತ್ತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಮಾವ ಆಕ್ಸಿಲರೇಟರ್ ಒತ್ತಿದರೆ ಬನಶಂಕರಿ ಹತ್ತಿರ ಬಂದಾಗ ಕಾರಿಗೆ ವಿಷಯ ತಿಳಿಯುತ್ತಿತ್ತು. ಅತ್ತೆಯ ಬಸ್ಸು ಇವರನ್ನು ಬಿಟ್ಟು ಮುಂದೆ ಹೋಗತೊಡಗಿದಾಗಲೇ ಮಾವ ಸೋಲೊಪ್ಪಿದ್ದು.

ಕೊನೆಗೂ ಸರಿಯಾದ ಅಳತೆಯದು ಸಿಕ್ಕಿತು. ಅಲ್ಯೂಮಿನಿಯಮ್ ಕೊಳವೆ, ತುದಿಯಲ್ಲಿ ಜಾರದ ಹಾಗೆ ಬಳೆಯಂಥ ಉಬ್ಬು, ಜೋಡಣೆಗೆ ದಪ್ಪ ಸಿಲಿಕೋನ್ ತೋಳು, ಅದರ ಮೇಲೆ ಬಿಗಿಯುವ ಸ್ಟೀಲ್ ಪಟ್ಟಿ. ಮಾವ ಚುಚ್ಚಿದರು, ಮೂಸಿದರು, ಊದಿದರು. ಆಮೇಲೆ "ಪಾಸ್" ಅಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನನ್ನ ಗಂಡನಿಗೆ ಸಿಕ್ಕಿದ್ದೂ "ಆಗಬಹುದು" ಮಾತ್ರ.

ಆದರೆ ತಂದ ಎರಡನೆಯ ದಿನಕ್ಕೇ ಆಯುಧ ಪೂಜೆ. ಪೂಜೆ ಮಾಡಿಸದೆ ಅದನ್ನು ಕಾರಿಗೆ ಹಾಕುವುದುಂಟೇ? ಕೊಳವೆ ದೇವರ ಮನೆಯಲ್ಲಿ ಸುತ್ತಿಗೆ, ಸ್ಪ್ಯಾನರ್, ಈಳಿಗೆಮಣೆಗಳ ಜೊತೆ ಕೂತಿತು. ಅತ್ತೆ ಕಾರು ಹತ್ತುತ್ತಿರಲಿಲ್ಲ ನಿಜ, ಆದರೆ ಪೂಜೆಯಲ್ಲಿ ಭೇದ ಮಾಡುವವರಲ್ಲ. ಅರಿಶಿನ ಕುಂಕುಮ ಹಚ್ಚಿದರು, ಸೇವಂತಿಗೆ ಸುತ್ತಿದರು. ದೃಷ್ಟಿಯಾಗದಿರಲಿ ಎಂದು ನಿಂಬೆಹಣ್ಣು ಇಡಬೇಕಲ್ಲ. ಉರುಟು ಕೊಳವೆಯ ಮೇಲೆ ನಿಂಬೆಹಣ್ಣು ಎಲ್ಲಿ ನಿಲ್ಲುತ್ತದೆ? ಇಟ್ಟರೆ ಉರುಳುತ್ತದೆ. ಅತ್ತೆ ಎರಡು ಸಲ ಇಟ್ಟು ನೋಡಿ, ಅದನ್ನು ಕೊಳವೆಯ ಬಾಯೊಳಗೇ ತುರುಕಿದರು, ಬೀಳದಿರಲೆಂದು ಚೆನ್ನಾಗಿ ಬಾಗಿನವರೆಗೆ ಒತ್ತಿದರು. ಪೂಜೆ ಮುಗಿಯಿತು, ಕಡಲೆಪುರಿ ಹಂಚಿದ್ದಾಯಿತು. ಮಾರನೆಯ ದಿನ ಕೊಳವೆ ಗ್ಯಾರೇಜಿಗೆ ಹೋಯಿತು. ಕುಂಕುಮ ಒರೆಸಿದರೆ ಎಲ್ಲಿ ಅಪಶಕುನವಾಗುತ್ತದೋ ಎಂದು ಗ್ಯಾರೇಜಿನ ಅಣ್ಣ ಅದನ್ನು ಹಾಗೆಯೇ, ಒಳಗೆ ಇಣುಕದೆ, ಭಕ್ತಿಯಿಂದ ಜೋಡಿಸಿದ.

ಕಾರು ಗ್ಯಾರೇಜಿನಿಂದ ಹೊರಬಿದ್ದದ್ದೇ ಉಬ್ಬಸ ಬಂದವರ ಹಾಗೆ ಆಡತೊಡಗಿತು. ಸಣ್ಣ ಏರನ್ನೂ ಹತ್ತದು. ಅಣ್ಣನಿಗೆ ಗೊತ್ತಿಲ್ಲದ ವಿಷಯವೇ ಜಗತ್ತಿನಲ್ಲಿಲ್ಲ. ಮೊದಲು ಸೆನ್ಸಾರ್ ಹೋಗಿದೆ ಅಂದ. ಆಮೇಲೆ ಟರ್ಬೊನೇ ಹೋಗಿದೆ ಅಂದ. ಆಮೇಲೆ ಡೀಸೆಲ್ ಹಾಕಿಸಿದ ಬಂಕಿನ ಮೇಲೆ ಅನುಮಾನ ಪಟ್ಟ. ಮಾವ ಎಲ್ಲವನ್ನೂ ಕೇಳಿಸಿಕೊಂಡು "ಕೊಳವೆ ಬಿಚ್ಚು" ಅಂದರು.

"ಯಜಮಾನ್ರೇ, ಕೊಳವೇಲಿ ಏನೂ ಪ್ರಾಬ್ಲಮ್ ಇರಲ್ಲ. ನಾನು ಗ್ಯಾರಂಟಿ. ನೀವೇ ಊದಿ ನೋಡಿದೀರಿ."

ಬಿಚ್ಚಿದ. ಇಂಟರ್‌ಕೂಲರಿನ ಬಾಯಿಗೆ ಬಿರಡೆ ಹಾಕಿದ ಹಾಗೆ ನಿಂಬೆಹಣ್ಣು ಕೂತಿತ್ತು. ಬಿಸಿಗಾಳಿಗೆ ಬೆಂದು ಮೆತ್ತಗಾಗಿತ್ತು, ಟರ್ಬೊದ ಎಣ್ಣೆ ಸವರಿಕೊಂಡಿತ್ತು. ಉಪ್ಪು ಖಾರ ಒಂದು ಬಿದ್ದಿದ್ದರೆ ಉಪ್ಪಿನಕಾಯಿ ತಯಾರು! ಗ್ಯಾರೇಜೆಲ್ಲ ಚಿತ್ರಾನ್ನದ ವಾಸನೆ. ಅಣ್ಣ ಅದನ್ನು ಎರಡು ಬೆರಳಲ್ಲಿ ಹಿಡಿದು ಒಂದು ಗಳಿಗೆ ನೋಡಿದ.

"ದೃಷ್ಟಿ ಮಾತ್ರ ಆಗಿಲ್ಲ ಬಿಡಿ," ಅಂದ.

ಒಳಗೆಲ್ಲ ತೊಳೆದು, ಒಣಗಿಸಿ, ಮತ್ತೆ ಜೋಡಿಸಿದ ಮೇಲೆ ಕಾರು ಹಾರಿತು ಅಂದರೆ ಹಾರಿತು. ಏರಾಗಲಿ ಇಳಿಜಾರಾಗಲಿ ಸದ್ದಿಲ್ಲ, ಹೊಗೆಯಿಲ್ಲ. ಮಾವ ಆ ವಾರದ ಭಾನುವಾರ ಮಧ್ಯಾಹ್ನ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದರು. ನಾನು ಅತ್ತೆಯ ಜೊತೆ ಜಗುಲಿಯಲ್ಲಿ ಕೂತಿದ್ದೆ. ಅತ್ತೆ ತಂಗಿಯ ಮನೆಗೆ ಹೊರಟು ತಯಾರಾಗಿದ್ದರು, ಹೆಗಲಲ್ಲಿ ಬಸ್ಸಿನ ಬ್ಯಾಗು. ಮಾವ ಬಾನೆಟ್ ಎತ್ತಿ ಕೊಳವೆಯನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ ತೋರಿಸಿದರು.

"ನೋಡೇ. ನಾನು ಎಳೆದ್ರೂ ಬರಲ್ಲ. ಆನೆ ಎಳೆದ್ರೂ ಬರಲ್ಲ. ಇನ್ನೇನು ಬೇಕು ನಿಂಗೆ? ಬಾ."

ಅತ್ತೆ ಎದ್ದರು. ಕಾರಿನವರೆಗೂ ಹೋದರು. ಒಂದು ವರ್ಷದ ಶನಿವಾರಗಳೆಲ್ಲ ಆ ಬಾಗಿಲ ಹಿಡಿಯ ಮೇಲೆ ನಿಂತಿದ್ದವು. ಅತ್ತೆ ಬಾಗಿಲು ಮುಟ್ಟಲಿಲ್ಲ.

"ಕೊಳವೆ ಗಟ್ಟಿಯಾಯ್ತು, ಸರಿ. ಯಾವಾಗ್ಲಾದ್ರೂ ಇನ್ನೊಂದು ಕೆಡುತ್ತೆ. ಆಗೇನ್ಮಾಡ್ತೀರಿ?"

ಮಾವ ಕೊಳವೆಯಿಂದ ಕೈ ತೆಗೆದರು. ನನಗೆ ಏನೂ ಅರ್ಥವಾಗಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು.

"ನಿಮ್ಮಾವ ನಿಂಗೆ ಪೂರ್ತಿ ಹೇಳಿಲ್ಲ ಕಣೇ. ಅವತ್ತು ಬೆಟ್ಟದಲ್ಲಿ ಕಾರು ನಿಲ್ಲಿಸಿ, ಏನಾಯ್ತು ನೋಡ್ತೀನಿ ಅಂತ ಇಳಿದ್ರು. ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡಿದಿರ್ಲಿಲ್ಲ. ಕಾರು ಹಿಂದಕ್ಕೆ ಜಾರೋಕೆ ಶುರುವಾಯ್ತು. ಹಿಂದೆ ಕಣಿವೆ. ನಾನು ಒಳಗೆ. ಈ ಮನುಷ್ಯ ಚಕ್ರಕ್ಕೆ ಕೊಡೋಕೆ ಕಲ್ಲು ಹುಡುಕಿದ್ರು, ಸಿಗ್ಲಿಲ್ಲ. ಕಾಲು ಕೊಟ್ರು. ಗೊತ್ತಾಯ್ತಾ? ಕಾಲು. ನಾನು ಕನ್ನಡೀಲಿ ನೋಡ್ದೆ. ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳ್ಕೊಂಡೆ, ಅವ್ರ ಕಾಲಿಗೆ ಚಕ್ರ ತಾಗೋ ಹೊತ್ತಿಗೆ ನಿಂತ್ಕೊಳ್ತು."

ನಾನು ಮಾವನ ಮುಖ ನೋಡಿದೆ. ಇಡ್ಲಿಯನ್ನೂ ಬಿಡದೆ ಅಳೆಯುವ ಮನುಷ್ಯ, ಬಾನೆಟ್ಟಿನ ಅಂಚು ಹಿಡಿದುಕೊಂಡು ನೆಲ ನೋಡುತ್ತಿದ್ದರು.

"ಕಲ್ಲು ಸಿಗ್ಲಿಲ್ಲ," ಅಂದರು ಸಣ್ಣ ದನಿಯಲ್ಲಿ.

"ಸಿಗ್ದೇ ಇದ್ರೆ ಕಾರು ಹೋಗ್ಲಿ ಅಂತ ಬಿಡ್ಬೇಕಿತ್ತು."

"ನೀನು ಒಳಗಿದ್ಯಲ್ಲೇ."

"ಅದಕ್ಕೇ ಹತ್ತಲ್ಲ ಅಂದಿದ್ದು," ಅಂದರು ಅತ್ತೆ. "ನಂಗೆ ಕಾರಿನ ಭಯ ಅಂತ ಯಾರು ಹೇಳಿದ್ರು ನಿಮಗೆ? ನಾನು ಒಳಗಿಲ್ದೇ ಇದ್ರೆ ನೀವು ಕಾಲು ಕೊಡಲ್ಲ."

ವರ್ಷವೆಲ್ಲ ನಕ್ಕಿದ್ದೆನಲ್ಲ, ಆ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಮಾವ ಬಾನೆಟ್ ಇಳಿಸಿ ಹಿತ್ತಲಿಗೆ ಹೋದರು. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಒರಳಿನ ಗುಂಡುಕಲ್ಲನ್ನು ಎರಡು ಕೈಯಲ್ಲಿ ಹೊತ್ತುಕೊಂಡು ಬಂದರು, ಡಿಕ್ಕಿ ತೆಗೆದು ಒಳಗಿಟ್ಟರು. ಕೈ ಝಾಡಿಸಿಕೊಂಡು ನಿಂತರು.

ಅತ್ತೆ ಆ ಕಲ್ಲನ್ನು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀನೂ ಬಾರೇ," ಎಂದು ನನಗೆ ಹೇಳಿ, ಮುಂದಿನ ಬಾಗಿಲು ತೆಗೆದು ಕೂತರು.

ಬನಶಂಕರಿವರೆಗೂ ಅತ್ತೆ ಹ್ಯಾಂಡ್‌ಬ್ರೇಕಿನ ಮೇಲಿಂದ ಕೈ ತೆಗೆಯಲಿಲ್ಲ. ಮಾವ ಗೇರ್ ಬದಲಿಸಿದಾಗಲೆಲ್ಲ ಅವರ ಕೈ ಅತ್ತೆಯ ಕೈಗೆ ತಾಗುತ್ತಿತ್ತು. ನಾನು ಹಿಂದೆ ಕೂತು ನೋಡುತ್ತಲೇ ಇದ್ದೆ. ಅವತ್ತು ನಮ್ಮ ಮಾವ ಬೇಕಿಲ್ಲದ ಕಡೆಯಲ್ಲೆಲ್ಲ ಗೇರ್ ಬದಲಿಸಿದರು.